ರಕ್ತ ನಿಮ್ಮದು, ಮುದ್ದೆ ನಮ್ಮದು

ಯಾವ ಮನೆಯಲ್ಲೇ ನೋಡಿ, ಒಳ್ಳೆಯದೆಲ್ಲ ರಕ್ತದಿಂದ ಬರುತ್ತದೆ, ಕೆಟ್ಟದ್ದೆಲ್ಲ ಅಡುಗೆಮನೆಯಿಂದ ಬರುತ್ತದೆ. ಮದುವೆಯಾಗಿ ಹಿಂದೂಪುರಕ್ಕೆ ಬಂದ ಮೇಲೆ ನಾನು ಕಲಿತ ಮೊದಲ ಪಾಠ ಇದು. ನಮ್ಮ ಮಗನ ಅಕ್ಷರ ದುಂಡಗೆ ಬಂದಾಗ ಗಂಡನ ಮನೆಯವರು "ಥೇಟ್ ಅವರ ತಾತನ ಕೈ" ಎಂದರು. ದಿನಾ ಸಂಜೆ ಸೊಪ್ಪು ಬಿಡಿಸುತ್ತ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿಸಿದವಳು ನಾನು. ಅವನೇ ಲೆಕ್ಕದಲ್ಲಿ ಕಡಿಮೆ ತೆಗೆದಾಗ "ತಾಯಿಯಾದವಳು ಸ್ವಲ್ಪ ಗಮನ ಕೊಡಬೇಕಾಗಿತ್ತು" ಎಂದರು. ಆ ತಾತನವರಿಗೆ ಲೆಕ್ಕ ಎಷ್ಟು ಬರುತ್ತಿತ್ತು ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಮಗಳು ಹಾಡಿದರೆ ಅತ್ತೆಯವರ ಕಂಠ, ಎದುರು ಮಾತನಾಡಿದರೆ ನಾನು ಬೆಳೆಸಿದ ರೀತಿ. ನಾನು ಜಗಳಗಂಟಿಯಲ್ಲ. ಹಾಲು ಉಕ್ಕುವವರೆಗೂ ಒಲೆಯ ಮುಂದೆ ಅಲುಗಾಡದೆ ನಿಲ್ಲಬಲ್ಲವಳು, ಬೇಳೆಯಲ್ಲಿ ಕಲ್ಲು ಆರಿಸುತ್ತ ಇಡೀ ಮಧ್ಯಾಹ್ನ ಕಳೆಯಬಲ್ಲವಳು. ಮಕ್ಕಳ ವಿಷಯದಲ್ಲಿ ಇಷ್ಟು ಕಾಲ ಬಾಯಿ ಮುಚ್ಚಿಕೊಂಡೇ ಇದ್ದೆ. ಆದರೆ ಕೊನೆಗೆ ಒಂದು ನಾಯಿಯ ವಿಷಯದಲ್ಲೂ ಇದೇ ಮಾತು ಬಂದಾಗ, ನೀವೇ ಹೇಳಿ, ಎಷ್ಟೂಂತ ಸಹಿಸುವುದು?

ನಾಯಿಯ ಹೆಸರು ಲಾಳಿ. ಅದು ನಮ್ಮ ಮನೆಗೆ ಬಂದದ್ದು ಕಲ್ಯಾಣದುರ್ಗದ ನಮ್ಮ ಭಾವನವರ ಮನೆಯಿಂದ. ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ನಮ್ಮದು ನೇಯ್ಗೆಯ ಮನೆತನ. ಆದರೆ ಭಾವನವರಿಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಹುಡುಗರಾಗಿದ್ದಾಗಿನಿಂದಲೂ ಆಗದು. ಹೆಂಡತಿಯ ತವರಿನ ಕಡೆ ಕಲ್ಯಾಣದುರ್ಗದ ಪಕ್ಕ ಹೊಲ ಸಿಕ್ಕಿತೆಂದು ಅಲ್ಲಿಗೆ ಹೋಗಿ ನೆಲೆಸಿ ಶೇಂಗಾ ಹಾಕಿದರು, ಆಮೇಲೆ ಕುಂದುರ್ಪಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದರು. ಹುಟ್ಟಿನಿಂದ ಕುರಿ ಕಾಯ್ದವರು ಕುರಿಯ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ. ನಡುವಯಸ್ಸಿನಲ್ಲಿ ಕುರಿ ಕೊಂಡವರು ಬೇರೆ ಯಾವುದರ ಬಗ್ಗೆಯೂ ಮಾತನಾಡುವುದಿಲ್ಲ. ಕುರಿಯ ತಳಿ, ಟಗರಿನ ತಳಿ, ಅದಾದ ಮೇಲೆ ರಾಣಿಯ ತಳಿ. ರಾಣಿಯೆಂದರೆ ಅವರ ಮಂದೆ ಕಾಯುವ ಹೆಣ್ಣುನಾಯಿ. ಅದರ ಅಮ್ಮ, ಅದರ ಅಜ್ಜಿ, ಆ ಅಜ್ಜಿ ಓಡಿಸಿದ ತೋಳ, ಎಲ್ಲದರ ಚರಿತ್ರೆಯೂ ಅವರ ನಾಲಿಗೆಯ ತುದಿಯಲ್ಲಿದೆ. ಮೂರು ತಲೆಮಾರು ಮಗ್ಗ ತುಳಿದವರ ವಂಶದಲ್ಲಿ ಹುಟ್ಟಿ ಮಗ್ಗ ಕಂಡರೆ ಎದ್ದು ಓಡಿದ ಮನುಷ್ಯ, ತಳಿಯ ಮಹಿಮೆಯನ್ನು ನಮಗೆ ಹೇಳುತ್ತಾರೆ! ನಾವು ಕೈಕಟ್ಟಿಕೊಂಡು ಕೇಳುತ್ತೇವೆ. ಹಿರಿಯರು ತಾನೇ.

ರಾಣಿ ಮರಿ ಹಾಕಿದಾಗ ಅದರಲ್ಲಿ ಗಂಡುಮರಿಗಳು ಎರಡು. ಒಂದನ್ನು ಮಂದೆಗೆಂದು ತಾವಿಟ್ಟುಕೊಂಡು ರಾಜ ಎಂದು ಹೆಸರಿಟ್ಟರು. ಇನ್ನೊಂದನ್ನು ನಮ್ಮ ಯಜಮಾನರು ಬಟ್ಟೆಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದು ನನ್ನ ಅಡುಗೆಮನೆಯಲ್ಲಿ ಇಳಿಸಿದರು. ಚೀಲ ಒದ್ದೆಯಾಗಿತ್ತು. "ಹಾಸಿಗೆ ಕಾವಲು ಬೇಕು ಅಂತಿದ್ದೆಯಲ್ಲ" ಎಂದರು. ಅವರು ಹೇಳಿದ ಹಾಸು ಮಲಗುವ ಹಾಸಿಗೆಯಲ್ಲ. ಸೀರೆಯ ಉದ್ದ ಎಳೆಗಳನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಕವೆಕೋಲುಗಳ ಮೇಲೆ ಎಳೆದು ಕಟ್ಟಿ, ಹರಿದ ಎಳೆ ಕಟ್ಟಿ, ಸಿಕ್ಕು ಬಿಡಿಸುತ್ತೇವೆ. ಅದನ್ನೇ ಹಾಸು ಎನ್ನುವುದು. ಈಗ ಎಲ್ಲ ಪವರ್‌ಲೂಮ್ ಆಗಿ ಹೋಗಿದೆ, ಹಾಸು ಸಿದ್ಧವಾಗಿಯೇ ಬರುತ್ತದೆ. ನಮ್ಮ ಬೀದಿಯ ಕೆಲವೇ ಮನೆಗಳವರು ಇನ್ನೂ ಬೆಳಗಿನ ತಂಪಿನಲ್ಲಿ ಎಳೆ ಹರಡುತ್ತೇವೆ. ಹರಡಿದ ಕೂಡಲೇ ಊರಿನ ಮೇಕೆಗಳಿಗೆಲ್ಲ ಆ ಕಡೆಯ ಹುಲ್ಲೇ ಬೇಕು. ಒಂದು ಮೇಕೆ ನುಗ್ಗಿತೆಂದರೆ ಒಂದು ಮುಂಜಾನೆಯ ಕೆಲಸ ಹಾಳು.

ಆ ಮರಿಯೂ ಬಂದ ದಿನವೇ ನೂಲಿಗೆ ಬಿತ್ತು. ರಾಟೆಯ ಬುಡದಲ್ಲಿದ್ದ ನೂಲಿನ ಕುಕ್ಕೆ ಉರುಳಿಸಿ, ನಾಲ್ಕು ಕಾಲಿಗೂ ರೇಷ್ಮೆ ಸುತ್ತಿಕೊಂಡು, ಮದುವೆಗೆ ಹೊರಟ ಹಾಗೆ ಕೂತಿತ್ತು. ಅವತ್ತೇ ತೀರ್ಮಾನ ಮಾಡಿದೆ. ಅಡುಗೆಮನೆಯ ಹೊಸ್ತಿಲಿಗೆ ಮೊಣಕಾಲೆತ್ತರದಲ್ಲಿ ಒಂದು ಹರಕು ನೂಲು ಕಟ್ಟಿದೆ. ಈ ಕಡೆ ನಾನು, ತಟ್ಟೆ, ತಟ್ಟೆಯಲ್ಲಿ ಮಜ್ಜಿಗೆಯಲ್ಲಿ ಕಿವುಚಿದ ರಾಗಿಮುದ್ದೆ. ಆ ಕಡೆ ಮರಿ. ನೂಲು ದಾಟಿ ಬಂದರೆ ತಟ್ಟೆ ಮೇಲಕ್ಕೆ. ಬೈಗುಳವಿಲ್ಲ, ಏಟಿಲ್ಲ, ತಟ್ಟೆ ಮೇಲಕ್ಕೆ, ಅಷ್ಟೇ. ಕೂತು ಕಾದರೆ, ನಾನು ಎರಡು ಬೆರಳಲ್ಲಿ ನೂಲೆತ್ತಿ "ಬಾ" ಎಂದರೆ, ಅದರಡಿಯಲ್ಲಿ ಬರಬೇಕು. ದಿನಾ ಎರಡು ಹೊತ್ತು ಇದೇ. ಮನೆಯಲ್ಲಿ ನೆಂಟರಿದ್ದರೂ ಇದೇ, ನನಗೆ ಜ್ವರ ಬಂದರೂ ಇದೇ. "ನಾಯಿಗೆ ಅನ್ನ ಹಾಕೋಕೆ ಇಷ್ಟೊಂದು ಪೂಜೆನಾ?" ಎಂದು ಯಜಮಾನರು ನಗುತ್ತಿದ್ದರು. ಮರಿ ದೊಡ್ಡದಾಯಿತು. ಒಂದು ಬೆಳಿಗ್ಗೆ ಬೀದಿಯಲ್ಲಿ ಹಾಸು ಹರಡಿದಾಗ ತಾನಾಗಿ ಹೋಗಿ ಎಳೆಯ ಪಕ್ಕ ನಿಂತುಕೊಂಡಿತು. ಮೇಕೆ ಈ ಕಡೆಯಿಂದ ಬಂದರೆ ಈ ತುದಿಗೆ ಓಡುತ್ತದೆ, ಆ ಕಡೆಯಿಂದ ಬಂದರೆ ಆ ತುದಿಗೆ. ಮಗ್ಗದ ಲಾಳಿ ಓಡಿದ ಹಾಗೆ ಓಡುತ್ತಿತ್ತಾದ್ದರಿಂದ ಅದೇ ಹೆಸರಾಯಿತು. ಬೊಗಳಿ ರಂಪ ಮಾಡುವುದಿಲ್ಲ, ಕಚ್ಚುವುದಿಲ್ಲ. ಎದುರು ನಿಂತು ಮುಖ ನೋಡುತ್ತದೆ, ಅಷ್ಟಕ್ಕೇ ಮೇಕೆ ನಾಚಿಕೊಂಡು ಹಿಂದಿರುಗುತ್ತದೆ. ಒಂದು ದಿನ ನಮ್ಮ ಯಜಮಾನರನ್ನೂ ದಾಟಲು ಬಿಡಲಿಲ್ಲ. ತಮ್ಮದೇ ಹಾಸು, ತಮ್ಮದೇ ಬೀದಿ, ಆದರೂ ಪಂಚೆಯ ಅಂಚು ಹಿಡಿದು ನಿಲ್ಲಿಸಿತು. ಅವರು ಈಗ ಬೀದಿಯ ಕೊನೆಯವರೆಗೂ ನಡೆದು ಸುತ್ತಿ ಬರುತ್ತಾರೆ.

ಇಷ್ಟಾದ ಮೇಲೆ ಯಾರಾದರೂ ಏನಾದರೂ ಹೇಳಬೇಕಲ್ಲ? ಹೇಳಿದರು. ಎದುರುಮನೆಯ ಈಶ್ವರಮ್ಮ ಹೊಗಳಿದ್ದೇ ಹೊಗಳಿದ್ದು: "ಅಬ್ಬಬ್ಬ! ಜಾತಿ ಕುಕ್ಕ ಅಮ್ಮಾ, ಜಾತಿ ಕುಕ್ಕ!" ಜಾತಿನಾಯಿಯಂತೆ. ಅದು ಹೊಸ್ತಿಲಲ್ಲಿ ಕೂತು ಜೊಲ್ಲು ಸುರಿಸುತ್ತ ಕಾದದ್ದನ್ನು ದಿನಾ ಕಿಟಕಿಯಿಂದ ನೋಡಿದವಳೇ ಈಕೆ. ಅದಾದ ಮೇಲೆ ಯಾವುದೋ ಮದುವೆಗೆಂದು ನಮ್ಮ ಭಾವನವರು ಹಿಂದೂಪುರಕ್ಕೆ ಬಂದರು. ಬೆಳಿಗ್ಗೆ ಬೀದಿಯಲ್ಲಿ ಲಾಳಿಯ ಕೆಲಸ ನೋಡಿ ಹಲ್ಲುಜ್ಜುವ ಕಡ್ಡಿಯನ್ನು ಬಾಯಿಂದ ತೆಗೆದರು.

"ನೋಡ್ದ್ಯೇನೋ ತಮ್ಮ? ರಕ್ತ ಕಣೋ ಇದು, ರಕ್ತ! ರಾಣಿ ಹೊಟ್ಟೇಲಿ ಹುಟ್ಟಿದ್ದು ಸುಮ್ಕೆ ಆಯ್ತದಾ? ಯಾರೂ ಹೇಳ್ಕೊಡ್ದೆ ಹೆಂಗೆ ಕಾಯ್ತೈತೆ ನೋಡು! ನೂಲಿನಂತೆ ಸೀರೆ ಅಂತ ನಮ್ಮೋರು ಸುಮ್ನೆ ಅಂದವ್ರಾ?"

ಯಾರೂ ಹೇಳಿಕೊಡದೆ! ಆ ಮಾತು ಕಿವಿಗೆ ಬಿದ್ದಾಗ ಅವರಿಗೆಂದೇ ತಂದ ಕಾಫಿ ಲೋಟ ನನ್ನ ಕೈಯಲ್ಲಿತ್ತು. ಕೊಟ್ಟೆ. ಸಕ್ಕರೆ ಹಾಕಿರಲಿಲ್ಲ. ಹಾಕಿಕೊಂಡು ಬರಬಹುದಿತ್ತು, ಬರಲಿಲ್ಲ. ಇನ್ನು ಆ ಗಾದೆಯ ವಿಷಯ. ನೂಲಿನಂತೆ ಸೀರೆ ಎಂದು ಮಾಡಿದವರು ನೇಕಾರರಾಗಿರಲಿಕ್ಕಿಲ್ಲ, ಅಂಗಡಿಯವರಿರಬೇಕು. ಒಂದೇ ಲಡಿಯ ನೂಲನ್ನು ಇಬ್ಬರಿಗೆ ಕೊಟ್ಟು ನೋಡಿ. ನಮ್ಮ ಯಜಮಾನರು ನೇಯ್ದದ್ದು ಮದುವೆಯ ಹೆಣ್ಣಿನ ಮೈಮೇಲೆ ಹೋಗುತ್ತದೆ. ಭಾವನವರು ಹುಡುಗರಾಗಿದ್ದಾಗ ನೇಯ್ದ ಒಂದೇ ಒಂದು ತುಂಡು ಇವತ್ತಿಗೂ ನಮ್ಮ ಮನೆಯಲ್ಲಿದೆ. ಬಿಸಿ ಪಾತ್ರೆ ಇಳಿಸಲು ಬಳಸುತ್ತೇನೆ. ನೂಲು ಒಂದೇ, ತಂದೆಯೂ ಒಬ್ಬರೇ. ಇದನ್ನೆಲ್ಲ ಅವರ ಮುಖಕ್ಕೆ ಹೇಳಿದೆನೇ ಎಂದು ಕೇಳಬೇಡಿ. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪುಟ ಬರೆಯುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಭಾವನವರ ಫೋನು ಬಂತು.

"ಸರೋಜಮ್ಮ, ನಮ್ ಮರೀನ ವಾಪಸ್ ಕಳಿಸ್ಕೊಡಮ್ಮ. ಇಲ್ಲಿ ತೋಳದ ಕಾಟ ಜಾಸ್ತಿ ಆಗ್ಬುಟ್ಟೈತೆ. ಕುರಿಮರಿ ಎತ್ಕಂಡೋಯ್ತಾವೆ. ರಾಣಿಗೂ ವಯಸ್ಸಾಯ್ತು."

"ಮಂದೆಗೆ ಅಂತಾನೇ ನೀವು ಇಟ್ಕಂಡ ರಾಜ ಇಲ್ವಾ ಭಾವ?"

"ಅದ್ಯಾತಕ್ಕೂ ಬರ್ದು ಕಣಮ್ಮ. ತೋಳ ಬಂದ್ರೆ ಬಾಲ ಆಡಿಸ್ತದೆ. ನಿಮ್ಮಕ್ಕ ಮುದ್ದು ಮಾಡಿ ಮಾಡಿ ಕೆಡಿಸ್ಬುಟ್ಳು."

ನಮ್ಮಕ್ಕ ಎಂದರೆ ಅವರ ಹೆಂಡತಿ ರತ್ನಕ್ಕ, ನನ್ನ ವಾರಗಿತ್ತಿ. ದಯವಿಟ್ಟು ಗಮನಿಸಿ. ಒಂದೇ ತಾಯಿ, ಒಂದೇ ಸೂಲು, ಎರಡು ಮರಿ. ಕೆಲಸ ಮಾಡಿದ ಮರಿಯದು ರಕ್ತ. ಕೆಲಸ ಮಾಡದ ಮರಿಯದು ರತ್ನಕ್ಕ! ನನಗೆ ಫೋನಿನಲ್ಲೇ ಉರಿದುಹೋಯಿತು. ಲಾಳಿಯನ್ನು ಕೊಡುವುದಿಲ್ಲ ಎಂದೆ. ಸಂಜೆಗೆ ಯಜಮಾನರು ಮುಖ ಸಣ್ಣದು ಮಾಡಿಕೊಂಡು, "ಅಣ್ಣ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನೋಕಾಗ್ತದಾ?" ಎಂದರು. ಅಣ್ಣನಿಗೆ ಇಲ್ಲ ಎನ್ನಲಾಗದವರಿಗೆ ಹೆಂಡತಿಗೆ ಇಲ್ಲ ಎನ್ನುವುದು ಎಷ್ಟು ಸಲೀಸು! ಎರಡು ದಿನ ಮನೆಯಲ್ಲಿ ಬರೀ ತಿಳಿಸಾರು ಮಾಡಿದೆ. ಕೊನೆಗೆ ಭಾವನವರೇ ಒಂದು ಪಂಥ ಕಟ್ಟಿದರು. "ಅದು ಕುರಿ ಮಂದೇನೇ ಕಾಣ್ದಿರೋ ನಾಯಿ ತಾನೆ? ಮಂದೆ ಮುಂದೆ ಬಿಡಾಣ. ಯಾರೂ ಏನೂ ಹೇಳ್ಬಾರ್ದು. ತಾನಾಗೇ ಕಾದ್ರೆ ರಕ್ತ, ಇಲ್ಲೇ ಇರ್ತದೆ. ಕಾಯ್ದೆ ಸುಮ್ಕಿದ್ರೆ ನೀನು ಸಾಕಿದ್ದು, ತಗಂಡೋಗು." ನಾನು ಒಪ್ಪಿದೆ. ಬೀದಿಯ ಮೇಕೆ ಬಿಟ್ಟರೆ ಏನೂ ಕಾಣದ ನಾಯಿ. ಹೊಲದಲ್ಲಿ ಏನು ಮಾಡೀತು ಎಂಬ ಧೈರ್ಯ.

ಒಂದು ಲಗೇಜ್ ಆಟೋ ಮಾಡಿಕೊಂಡು ಹೊರಟೆವು. ಲಾಳಿ ನನ್ನ ಕಾಲ ಮೇಲೆ ಗಲ್ಲವಿಟ್ಟು ಮಲಗಿತ್ತು. ಸೋಮಂದೇಪಲ್ಲಿ ದಾಟುವವರೆಗೂ ನಾನು ಯಜಮಾನರ ಜೊತೆ ಮಾತನಾಡಲಿಲ್ಲ, ದಾಟಿದ ಮೇಲೆ ಮಾತನಾಡಿದ್ದು ಇಲ್ಲಿ ಬರೆಯುವಂಥದ್ದಲ್ಲ.

ನಾವು ತಲುಪುವ ಹೊತ್ತಿಗೆ ಬಿಸಿಲಿಳಿದಿತ್ತು. ಭಾವನವರ ಹೊಲ ರಸ್ತೆಯ ಪಕ್ಕದಲ್ಲೇ ಇದೆ. ಗೊಬ್ಬರವಾಗಲೆಂದು ಸಂಜೆ ಕುರಿಗಳನ್ನು ಹೊಲದಲ್ಲೇ ಕೂಡುತ್ತಾರೆ. ಸುತ್ತ ಗೂಟ ನೆಟ್ಟು ಬಲೆ ಕಟ್ಟಿರುತ್ತಾರೆ; ಬಾಗಿಲಿನ ಜಾಗದಲ್ಲಿ ಮಾತ್ರ ಅಡ್ಡಲಾಗಿ ಒಂದು ಹಗ್ಗ. ದೊಡ್ಡಿಯ ನಡುವೆ ರಾಜ ಒಂದು ಮುದಿ ಕುರಿಯ ಹೊಟ್ಟೆಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು. ಭಾವನವರು ಒಳಗೆ ನಿಂತು ಕುರಿಮರಿಗಳನ್ನೆಲ್ಲ ನೋಡಿ, ಬಾಗಿಲಿನ ಹಗ್ಗವನ್ನು ಒಳಗಿನಿಂದಲೇ ಎಳೆದು ಕಟ್ಟಿ, "ಬಿಡಮ್ಮ ನಾಯೀನ" ಎಂದರು. ಬಿಟ್ಟೆ. ಲಾಳಿ ಹೋಗಿ ಕುರಿಗಳನ್ನು ಮೂಸಲೂ ಇಲ್ಲ. ನನ್ನ ಎದೆ ತಂಪಾಯಿತು. ಅಷ್ಟರಲ್ಲಿ ಒಂದು ತುಂಟ ಕುರಿ ಹಗ್ಗದಡಿಯಲ್ಲಿ ತಲೆ ತೂರಿಸಿತು. ಲಾಳಿ ಹೋಗಿ ಹಗ್ಗದ ಮುಂದೆ ನಿಂತು ಅದರ ಮುಖ ನೋಡಿತು. ಕುರಿ ತಲೆ ಹಿಂದಕ್ಕೆಳೆದುಕೊಂಡಿತು. ಇನ್ನೊಂದು ಆ ತುದಿಯಲ್ಲಿ ಬಲೆ ಎತ್ತಿತು. ಲಾಳಿ ಆ ತುದಿಗೆ ಓಡಿತು.

"ಕಾದ್ಬುಡ್ತು!" ಎಂದು ಭಾವನವರು ಒಳಗೇ ತೊಡೆ ತಟ್ಟಿದರು. "ಕಾದ್ಬುಡ್ತು ಕಣೋ ತಮ್ಮ! ನಾನೇನಂದೆ? ರಕ್ತ ಅಂದ್ರೆ ಇದು!" ಹಾಗೆ ಹೇಳುತ್ತಲೇ, ಹೊರಗೆ ಬರಲೆಂದು ಒಂದು ಕಾಲು ಹಗ್ಗದಾಚೆಗೆ ಇಟ್ಟರು.

ಲಾಳಿ ಬಂದು ಪಂಚೆಯ ಅಂಚು ಹಿಡಿಯಿತು.

ಕಾಲು ಒಳಗಿಟ್ಟರೆ ಬಿಡುತ್ತದೆ, ಹೊರಗಿಟ್ಟರೆ ಹಿಡಿಯುತ್ತದೆ. ಆ ಮೂಲೆಗೆ ಹೋದರೆ ಆ ಮೂಲೆಗೆ ಬರುತ್ತದೆ. ಭಾವನವರು ತಮ್ಮ ದೊಡ್ಡಿಯಲ್ಲಿ ತಾವೇ ಸೇರಿಕೊಂಡರು. ರಸ್ತೆಯಲ್ಲಿ ಕಂಬದೂರಿನ ಕಡೆ ಹೊರಟಿದ್ದ ಶೇರ್ ಆಟೋ ಒಂದು ನಿಂತೇಬಿಟ್ಟಿತು. ಒಬ್ಬಾತ ತಲೆ ಹೊರಹಾಕಿ, "ಏಂ ಪೆದ್ದಾಯನಾ, ನಿನ್ನು ಕೂಡಾ ದೊಡ್ಲೋ ಏಸಿನಾರಾ?" ಎಂದ. ನಿಮ್ಮನ್ನೂ ಕುರಿಗಳ ಜೊತೆ ಕೂಡಿಹಾಕಿದರೇ ಎಂದು. ರತ್ನಕ್ಕ ಸೆರಗು ಬಾಯಿಗೆ ತುರುಕಿಕೊಂಡಳು.

"ಸರೋಜಮ್ಮ! ಕರಿಯಮ್ಮ ಇದನ್ನ!"

"ನಾನೇನ್ ಮಾಡ್ಲಿ ಭಾವ? ಅದರ ರಕ್ತ ಅಂಗೈತೆ. ನೀವುಂಟು, ರಕ್ತ ಉಂಟು, ಮಾತಾಡ್ಕಳಿ."

ಇಂಥ ಮಾತು ನನ್ನ ಬಾಯಿಂದ ಬಂತೆಂದು ಈಗಲೂ ನಂಬಿಕೆಯಾಗುವುದಿಲ್ಲ. ಆದರೆ ಅದು ಬಂದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಆಟೋದವರಿಗೂ ಕೇಳುವ ಹಾಗೆ ಹೇಳಿದೆ: ಅದು ಕುರಿ ಕಾಯುತ್ತಿಲ್ಲ, ಹಗ್ಗ ಕಾಯುತ್ತಿದೆ, ನನ್ನ ಹೊಸ್ತಿಲಿನ ನೂಲು, ಮಜ್ಜಿಗೆಯ ಮುದ್ದೆ, ಎರಡು ಬೆರಳು, ಎಲ್ಲ ಹೇಳಿದೆ. "ಇಲ್ಲಿ ಕುರಿ ಬದ್ಲು ಕುಂಬಳಕಾಯಿ ಇಟ್ಟಿದ್ರೂ ಇಂಗೇ ಕಾಯ್ತಿತ್ತು. ಇದು ರಾಣಿ ಕಲ್ಸಿದ್ದಲ್ಲ ಭಾವ, ನಾನು ಕಲ್ಸಿದ್ದು. ಸಾಕಿದ್ದು!" ರತ್ನಕ್ಕ, "ಅಂಗೇಳು ಸರೋಜ!" ಎಂದಳು. ನಮ್ಮ ಯಜಮಾನರು ಆಕಾಶ ನೋಡುತ್ತಿದ್ದರು.

ಭಾವನವರು ಪಕ್ಕದ ಕುರಿಯ ತಲೆ ಕೆರೆಯುತ್ತ ನಿಂತರು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಅವರು ಬಹಳ ಮೆತ್ತಗೆ ಶುರುಮಾಡಿದರು.

"ಸರಿ ಕಣಮ್ಮ. ಒಪ್ಕಂಡೆ. ಸಾಕೋದ್ರಾಗೇ ಎಲ್ಲಾ ಐತೆ. ಅಂಗಾರೆ ಈ ರಾಜನ್ನ ಕರ್ಕೊಂಡೋಗು. ನಿನ್ ಕೈಗೆ ಬಿದ್ರೆ ಇದೂ ಲಾಳಿ ಆಯ್ತದೆ. ನಿಂಗೇನು, ಯಾವ್ ನಾಯಿ ಆದ್ರೂ ಒಂದೇ ಅಲ್ವಾ? ಲಾಳಿ ಇಲ್ಲಿರ್ಲಿ."

ದೊಡ್ಡಿಯೊಳಗೆ ಸಿಕ್ಕಿಕೊಂಡದ್ದು ಅವರೋ ನಾನೋ ಗೊತ್ತಾಗಲಿಲ್ಲ. ರಾಜ ಆ ಗಲಾಟೆಗೆ ಎಚ್ಚೆತ್ತು, ನನ್ನ ಕಡೆ ನೋಡಿ ಒಮ್ಮೆ ಬಾಲ ಆಡಿಸಿ, ಮಗ್ಗುಲು ಬದಲಿಸಿ ಮತ್ತೆ ಮಲಗಿತು.

"ಯಾವ್ ನಾಯಿ ಆದ್ರೂ ಒಂದೇ ಅಂತ ಯಾರಂದ್ರು?" ಎಂದೆ. "ನಿಮ್ಗೇ ರಕ್ತ ಇದ್ರೆ ಸಾಕಲ್ಲ? ರಾಜಂದೂ ಅದೇ ರಕ್ತ. ಇವತ್ತಲ್ಲ ನಾಳೆ ಎದ್ದೇಳ್ತದೆ, ಕಾದ್ಕಂಡಿರಿ."

"ರಕ್ತ ಒಂದಿದ್ರೆ ಸಾಲ್ದಮ್ಮ! ಸಾಕೋರ್ ಬ್ಯಾಡ್ವಾ?"

"ಸಾಕೋದೊಂದಿದ್ರೆ ಸಾಲ್ದು ಭಾವ! ರಕ್ತ ಬ್ಯಾಡ್ವಾ?"

ಹೀಗೆ ಅವರು ನನ್ನ ಕಡೆಗೆ ಬಂದರು, ನಾನು ಅವರ ಕಡೆಗೆ ಹೋದೆ. ಹಗ್ಗದ ಆಚೆ ಈಚೆ ನಾವು ಮಾತ್ರ ಕದಲಿರಲಿಲ್ಲ. ಆಗ ಭಾವನವರು ಕೈಯೆತ್ತಿ ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳಿದರು.

"ತಮಾಷೆ ಅಲ್ಲ ಕಣಮ್ಮ. ನಿನ್ ಕೈಗುಣ ಅದು. ನಾಯೀನೇ ಆಗ್ಲಿ, ಮಕ್ಳೇ ಆಗ್ಲಿ, ನಿನ್ನಂಗೆ ಸಾಕೋರು ನಮ್ ಮನೆತನದಾಗೆ ಯಾರೂ ಹುಟ್ಟಿಲ್ಲ. ಎಲ್ಲಾ ನೀನು ಮಾಡಿದ್ದೇಯ."

ಮದುವೆಯಾಗಿ ಬಂದ ದಿನದಿಂದ ನಾನು ಕಾದಿದ್ದ ಮಾತು. ಗಂಡ ಕೇಳಿಸಿಕೊಂಡರು, ವಾರಗಿತ್ತಿ ಕೇಳಿಸಿಕೊಂಡಳು, ಕಂಬದೂರಿನ ಅರ್ಧ ಊರು ಕೇಳಿಸಿಕೊಂಡಿತು. ಬೇರೆ ಯಾವ ದಿನ ಹೇಳಿದ್ದರೂ ಆ ದಿನವೇ ಪಾಯಸ ಮಾಡುತ್ತಿದ್ದೆ. ಇವತ್ತು ಅದನ್ನು ಒಪ್ಪಿಕೊಂಡೆನೋ, ರಾಜನನ್ನು ಕರೆದುಕೊಂಡು ಹಿಂದೂಪುರಕ್ಕೆ ಹೋಗಬೇಕು. ಲಾಳಿ ಹಗ್ಗದ ಪಕ್ಕದಲ್ಲಿ ನಿಂತು ನನ್ನ ಕೈಬೆರಳುಗಳನ್ನೇ ನೋಡುತ್ತಿತ್ತು. ನಾನು ಕೈ ಮುಗಿದೆ.

"ಅಂಗನ್ಬ್ಯಾಡಿ ಭಾವ. ನಂದೇನೈತೆ? ನಾಲ್ಕು ತುತ್ತು ಮುದ್ದೆ ಹಾಕ್ದೆ. ಎಲ್ಲಾ ನಿಮ್ ರಾಣಿ ರಕ್ತ. ಆ ರಕ್ತ ಇಲ್ದಿದ್ರೆ ನಾನ್ ಎಷ್ಟು ನೂಲು ಕಟ್ಟಿದ್ರೂ ಆಯ್ತಿತ್ತಾ? ನಂ ಮಕ್ಳೂ ಅಷ್ಟೇ. ಎಲ್ಲಾ ನಿಮ್ ವಂಶದ ಗುಣ."

ಶೇರ್ ಆಟೋದಿಂದ ತಲೆ ಹೊರಹಾಕಿದ್ದವನು ಕೂಡಲೇ ಕನ್ನಡಕ್ಕೆ ತಿರುಗಿ, "ಆ ರಾಣಿ ಮತ್ತೆ ಮರಿ ಹಾಕ್ತದಾ? ನಂಗೊಂದು ಬೇಕಿತ್ತು" ಎಂದ. ಭಾವನವರ ಮುಖದಲ್ಲಿ ಆದ ಬದಲಾವಣೆಯನ್ನು ನೀವು ನೋಡಬೇಕಾಗಿತ್ತು. ಕುರಿಗಳ ನಡುವೆಯೇ ಎದೆ ಮುಂದಕ್ಕೆ ಬಂತು. "ಹಾಕ್ದೆ ಏನು? ಈಗ ಮತ್ತೆ ಗಬ್ಬ ಆಗೈತೆ. ಅದರ ಅಜ್ಜಿ ಇತ್ತಲ್ಲ..." ಎಂದು ಶುರುಮಾಡಿದರು. ಅಷ್ಟು ಜನರ ಮುಂದೆ ರಾಣಿಯ ರಕ್ತವನ್ನು ಇಲ್ಲ ಎನ್ನಲು ಅವರಿಂದ ಆಗಲಿಲ್ಲ. "ಅದೂ ಅದೇ ರಕ್ತ ತಾನೆ? ಅದ್ರಾಗೊಂದು ನಿಮಗಿಟ್ಕಳಿ ಭಾವ, ಲಾಳಿ ನನ್ ಜೊತೆ ಬರ್ಲಿ" ಎಂದೆ. "ಊಂ, ಇಟ್ಕಂತೀನಿ, ನಮ್ ರಕ್ತಕ್ಕೇನು ಬರ" ಎಂದರು. ನಾನು ಎರಡು ಬೆರಳಲ್ಲಿ ಹಗ್ಗವೆತ್ತಿ "ಬಾ" ಎಂದೆ. ಭಾವನವರು ಬಗ್ಗಿ ಅದರಡಿಯಲ್ಲಿ ಹೊರಗೆ ಬಂದರು.

ಹೊರಡುವ ಮೊದಲು ರತ್ನಕ್ಕ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಹೊಸ್ತಿಲಿಗೆ ನೂಲು ಎಷ್ಟೆತ್ತರಕ್ಕೆ ಕಟ್ಟಬೇಕು ಎಂದು ಪಿಸುಗುಟ್ಟಿ ಕೇಳಿದಳು. ಮೊಣಕಾಲು ತೋರಿಸಿದೆ. ದಾರಿಯಲ್ಲಿ ಯಜಮಾನರು, "ಅಣ್ಣ ಯಾವತ್ತೂ ಯಾರನ್ನೂ ಅಷ್ಟು ಹೊಗಳಿದವರಲ್ಲ. ಒಪ್ಕೊಂಡುಬಿಡಬಾರದಿತ್ತಾ?" ಎಂದರು. ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡ ನಿಜವನ್ನು ಯಾರೂ ಕೇಳಲಿಲ್ಲ, ಬಾಯಿಬಿಟ್ಟು ಹೇಳಿದ ಒಂದೇ ಒಂದು ಸುಳ್ಳನ್ನು ಇಡೀ ಬಳಗ ತಕ್ಷಣ ನಂಬಿತು. ಅದರ ಉರಿ ಇನ್ನೂ ಆರಿಲ್ಲ.

ಮೊನ್ನೆ ನಮ್ಮ ಮಗಳು ಮೊದಲ ಸಲ ತಾನೊಬ್ಬಳೇ ಒಬ್ಬಟ್ಟು ಮಾಡಿದಳು. ಅವಳಿಗೆ ಕಣಕ ನಾದುವುದು ಕಲಿಸುವಷ್ಟರಲ್ಲಿ ನಾನು ಎಷ್ಟು ಸೀದದ್ದನ್ನು ತಿಂದಿದ್ದೇನೋ ನನಗೇ ಗೊತ್ತು. ಕಲ್ಯಾಣದುರ್ಗಕ್ಕೂ ಒಂದು ಡಬ್ಬಿ ಹೋಯಿತು. ಭಾವನವರು ಫೋನು ಮಾಡಿದರು. "ಥೇಟ್ ನಮ್ಮಮ್ಮನ ಕೈರುಚಿ ಕಣಮ್ಮ! ರಕ್ತ ಎಲ್ಲಿಗೋಯ್ತದೆ? ನೀನೇ ಅಂದಿದ್ಯಲ್ಲ!"

ಲಾಳಿ ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗಿತ್ತು. "ಹೌದು ಭಾವ" ಎಂದೆ, "ಎಲ್ಲಿಗೂ ಹೋಗಲ್ಲ."